ಫೈನಲ್ ಇನ್ಸ್‌ಪೆಕ್ಷನ್ನಿನ ಸೀಬೆಹಣ್ಣು

ಯತಿರಾಜ ಹೆಸರಿಗೆ ಯತಿ, ಸ್ವಭಾವಕ್ಕೆ ಅತಿ. ಮಾಲೂರು ಕಡೆಯಿಂದ ಗಡಿ ದಾಟಿ ತಮಿಳುನಾಡಿನ ಹೊಸೂರಿಗೆ ಬಂದು, ಲಾರಿಗಳಿಗೆ ಗೇರ್ ಚಕ್ರ ಮಾಡಿಕೊಡುವ ಕಾರ್ಖಾನೆಯೊಂದರ ಫೈನಲ್ ಇನ್ಸ್‌ಪೆಕ್ಷನ್ ವಿಭಾಗ ಸೇರಿದ್ದ. ಗೇರನ್ನು ಎತ್ತಿ ಟ್ಯೂಬ್‌ಲೈಟಿಗೆ ಹಿಡಿಯುವುದು, ಒಂದು ಕಣ್ಣು ಮುಚ್ಚಿ ನಿಧಾನವಾಗಿ ತಿರುಗಿಸುವುದು, ಕೂದಲೆಳೆಯಷ್ಟು ಗೀರು ಕಂಡರೂ ‘ರಿಜೆಕ್ಟ್’ ಎಂದು ಕೆಂಪು ಡಬ್ಬಕ್ಕೆ ಹಾಕುವುದು, ಇಷ್ಟು ಅವನ ಕೆಲಸ. ಕಾರ್ಖಾನೆಯವರು ಒಂದು ಶಿಫ್ಟಿಗೆ ಸಂಬಳ ಕೊಡುತ್ತಿದ್ದರು. ಇವನು ಮಿಕ್ಕ ಎರಡು ಶಿಫ್ಟನ್ನೂ ಮನೆಯಲ್ಲಿ ಬಿಟ್ಟಿಯಾಗಿ ಮಾಡುತ್ತಿದ್ದ.

ಅವರ ಸಂಸಾರ ಕೆಳಮನೆಯಲ್ಲಿ, ನಮ್ಮದು ಮೇಲ್ಮನೆಯಲ್ಲಿ. ಬೆಳಗಿನ ಇಡ್ಲಿ ಟ್ಯೂಬ್‌ಲೈಟಿನ ಕೆಳಗೆ ತಿರುಗುವುದನ್ನು ನಾನೇ ಕಂಡಿದ್ದೇನೆ. ಭಾನುವಾರ ಮಾರ್ಕೆಟ್ಟಿನಲ್ಲಿ ಅವನನ್ನು ದೂರದಿಂದ ಕಂಡ ಕೂಡಲೇ ಟೊಮೆಟೊ ಮಾರುವ ಅಂಜಮ್ಮ ಗೋಣಿತಾಟು ಎಳೆದು ಬುಟ್ಟಿ ಮುಚ್ಚುತ್ತಿದ್ದಳು.

“ಬಂದ್ರಪ್ಪ ಇನ್‌ಸ್ಪೆಟ್ರು! ಸ್ವಾಮಿ, ನಾನು ಟೊಮೆಟೊ ಮಾರ್ತೀನಿ, ಮುತ್ತಲ್ಲ. ಮುಂದುಕ್ಕೆ ಓಗಿ!”

ಹೆಂಡತಿ ಶ್ರೀವಿದ್ಯಾಳ ಗಲ್ಲದ ಮೇಲೊಂದು ಮಚ್ಚೆ ಇತ್ತು. ಹೆಣ್ಣು ನೋಡಲು ಹೋದಾಗ ಅದನ್ನೇ ನೋಡುತ್ತ ಕಾಫಿ ಆರಿಸಿಬಿಟ್ಟನಂತೆ. “ಇವ್ರು ನನ್ನ ಒಪ್ಪಿದ್ದಲ್ಲ ಸಾರ್, ಸಣ್ಣ ದೋಷ, ಡೀವಿಯೇಶನ್ ಅಂತ ಬರ್ಕೊಂಡು ಪಾಸ್ ಮಾಡಿದ್ದು” ಎಂದು ಅವಳು ಅವನ ಎದುರಿಗೇ ಹೇಳಿ ನಗುತ್ತಿದ್ದಳು.

ಇಂಥ ಯತಿರಾಜ 2003ರ ಸಂಕ್ರಾಂತಿ ಕಳೆದ ವಾರ ಮುಖ ಸಣ್ಣದು ಮಾಡಿಕೊಂಡು ಮೆಟ್ಟಿಲು ಹತ್ತಿ ಬಂದ. ಸಮಸ್ಯೆ ಮಗಳು ಮೇಘಶ್ರೀಯದು. ಈ ಮೇಘ ಮನೆಯಲ್ಲಿ ಬರೀ ಗುಡುಗು. ಶಾಲೆಗೆ ಕಾಲಿಟ್ಟರೆ ಹನಿ ಮಾತೂ ಉದುರುತ್ತಿರಲಿಲ್ಲ. ಎಲ್‌ಕೆಜಿ ಸೇರಿದಾಗಿನಿಂದ ತರಗತಿಯಲ್ಲಿ ಒಂದು ಸಲವೂ ಬಾಯಿ ತೆರೆದಿರಲಿಲ್ಲ.

“ಶುಕ್ರವಾರ ಶೋ ಅಂಡ್ ಟೆಲ್ ಐತೆ ಸಾರ್. ಒಂದು ಹಣ್ಣು ತೋರ್ಸಿ ಇಂಗ್ಲಿಷಲ್ಲಿ ಮಾತಾಡ್ಬೇಕಂತೆ. ಅವತ್ತೂ ಮಾತಾಡ್ಲಿಲ್ಲ ಅಂದ್ರೆ ಇನ್ನೊಂದು ವರ್ಷ ಎಲ್‌ಕೆಜೀಲೇ ಕೂರ್ಸ್ತೀವಿ ಅಂದ್ರು ಮಿಸ್ಸು. ನಮ್ಮನೇಲಿ ಫೇಲಾದ್ ಪೀಸೇ ಇಲ್ಲ ಸಾರ್!”

ಕಾನ್ವೆಂಟಿನಲ್ಲಿ ಓದಿದವನು ಎಂಬ ಒಂದೇ ಅಪರಾಧಕ್ಕೆ ನನ್ನನ್ನೂ ಇದರಲ್ಲಿ ಎಳೆದ. ಹಣ್ಣು ಯಾವುದೆಂಬ ಚರ್ಚೆ ಇರಲಿಲ್ಲ. ಸೂಳಗಿರಿ ಹತ್ತಿರದ ಹಳ್ಳಿಯಿಂದ ಅವನ ಅತ್ತೆ ಮುನಿವೆಂಕಟಮ್ಮ ತಮ್ಮ ಹಿತ್ತಲ ಸೀಬೆಹಣ್ಣನ್ನು ಚೀಲದ ತುಂಬ ಹೊತ್ತು ಬರುವವರಿದ್ದರು. ಮಗುವಿಗೆ ಅದು ಮನೆಯೊಳಗೆ ಸೀಬೆ, ಬೀದಿಯ ತಮಿಳಿನಲ್ಲಿ ಕೊಯ್ಯಾ, ಹಾಲಿನವಳ ತೆಲುಗಿನಲ್ಲಿ ಜಾಮ. ನಾನು ನಾಲ್ಕನೆಯ ಹೆಸರು ಸೇರಿಸಿ ವಾಕ್ಯ ಕಟ್ಟಿಕೊಟ್ಟೆ: ದಿಸ್ ಈಸ್ ಎ ಗ್ವಾವ. ಇಟ್ ಈಸ್ ಗ್ರೀನ್. ಇಟ್ ಈಸ್ ಸಾಫ್ಟ್. ಇಟ್ ಈಸ್ ಸ್ವೀಟ್. ಮೇಘಶ್ರೀ ಅವನ್ನು ಅರ್ಧ ದಿನದಲ್ಲಿ ಬಾಯಿಪಾಠ ಮಾಡಿ, ಮೆಟ್ಟಿಲ ಮೇಲೆ ನಿಂತು ಇಡೀ ವಠಾರಕ್ಕೆ ಕೂಗಿ ಹೇಳಿದಳು.

ಗುರುವಾರ ಸಂಜೆ ಅಜ್ಜಿ ಬಸ್ಸಿಳಿದು ಬಂದು ಚೀಲವನ್ನು ಚಾಪೆಯ ಮೇಲೆ ಸುರಿದರು. ಯತಿರಾಜ ಕೈಗೆ ಬಿಳಿ ಕಾಟನ್ ಗ್ಲೌಸ್ ಹಾಕಿಕೊಂಡು ಟ್ಯೂಬ್‌ಲೈಟಿನ ಕೆಳಗೆ ಕೂತ. ಪಕ್ಕದಲ್ಲಿ ಬಚ್ಚಲಮನೆಯ ಕೆಂಪು ಬಕೆಟ್ಟು. ಅದರ ಪಕ್ಕದಲ್ಲಿ ಮಗಳು.

“ಗಿಣಿ ಕಚ್ಚಿದ ಗುರುತು. ರಿಜೆಕ್ಟ್.”

“ರಿಜೆಕ್ಟ್!” ಎಂದು ಮಗಳು ಇಸಿದುಕೊಂಡು ಬಕೆಟ್ಟಿಗೆ ಹಾಕಿದಳು.

“ಶೇಪ್ ಸರಿಯಿಲ್ಲ, ಕತ್ತು ಉದ್ದ. ರಿಜೆಕ್ಟ್.”

“ಯಪ್ಪಾ, ಅದು ಸೀಬೆಹಣ್ಣು, ಮದ್ವೆ ಗಂಡಲ್ಲ!” ಎಂದರು ಅಜ್ಜಿ.

“ಇದ್ರಲ್ಲಿ ಹಳದಿ ಮಚ್ಚೆ. ಒತ್ತಿದ್ರೆ ತಗ್ಗಾಗ್ತದೆ. ರಿಜೆಕ್ಟ್.”

ಹಣ್ಣು ಆರಿಸುವಷ್ಟರಲ್ಲಿ ನಾವೆಲ್ಲ ಹಣ್ಣಾದೆವು. ಮೇಘಶ್ರೀ ಮಾತ್ರ ಉತ್ಸಾಹದಲ್ಲಿದ್ದಳು. ಬಕೆಟ್ಟಿಗೆ ಹೋದದ್ದರಲ್ಲಿ ಮೆತ್ತಗಿದ್ದವನ್ನೆಲ್ಲ ಅವಳೇ ಎತ್ತಿ ತಿನ್ನುತ್ತಿದ್ದಳು. ಕೊನೆಗೆ ಚಾಪೆಯ ಮೇಲೆ ಒಂದೇ ಒಂದು ಉಳಿಯಿತು. ಗುಂಡಗೆ, ಒಂದೇ ಸಮ ಹಸಿರಾಗಿ, ಬಣ್ಣ ಬಳಿದ ಕಲ್ಲಿನಂತಿತ್ತು. ಯತಿರಾಜ ಅದಕ್ಕೆ ಕೊಬ್ಬರಿ ಎಣ್ಣೆ ಸವರಿ ಒರೆಸಿ ಮಿಂಚಿಸಿದ.

“ಅದು ಕಾಯಿ ಕಣಪ್ಪಾ. ಕಚ್ಚುದ್ರೆ ಅಲ್ಲು ಓಗ್ಬುಡ್ತವೆ.”

“ಇದು ತೋರ್ಸೋಕೆ ಅತ್ತೆ, ತಿನ್ನೋಕಲ್ಲ.”

“ತಿನ್ನಕ್ಕಾಗ್ದೆ ಇರೋದನ್ನ ಅಣ್ಣು ಅಂತ ಯಾಕಪ್ಪಾ ತೋರುಸ್ತೀಯ?”

ಇನ್ಸ್‌ಪೆಕ್ಷನ್ ವಿಭಾಗ ಸಪ್ಲೈಯರ್ ಜೊತೆ ವಾದ ಮಾಡುವುದಿಲ್ಲ. ಸೀಬೆಕಾಯಿ ಹತ್ತಿ ಸುತ್ತಿದ ಡಬ್ಬಿಯೊಳಗೆ ಮಲಗಿತು.

ಶುಕ್ರವಾರ ಶ್ರೀವಿದ್ಯಾಗೆ ತನ್ನ ಕಾರ್ಖಾನೆಯಲ್ಲಿ ಬೆಳಗಿನ ಶಿಫ್ಟು, ರಜೆ ಸಿಗಲಿಲ್ಲ. ಯತಿರಾಜ ರಜೆ ಹಾಕಿದ. ಧೈರ್ಯಕ್ಕಿರಲಿ ಎಂದು ನನ್ನನ್ನೂ ಕರೆದ, ಯಾರ ಧೈರ್ಯಕ್ಕೆ ಎಂದು ಹೇಳಲಿಲ್ಲ. ತರಗತಿಯ ಹಿಂದೆ ಮಕ್ಕಳ ಪುಟಾಣಿ ಕುರ್ಚಿಗಳಲ್ಲಿ ಅಪ್ಪ ಅಮ್ಮಂದಿರು ಮೊಣಕಾಲು ಗಲ್ಲಕ್ಕೆ ತಾಗಿಸಿ ಕೂತಿದ್ದರು. ಜೆಸಿಂತಾ ಮಿಸ್ ಒಬ್ಬೊಬ್ಬರನ್ನೇ ಕರೆದರು. ಮೊದಲ ಹೆಸರೇ ಮೇಘಶ್ರೀ.

ಮೇಘಶ್ರೀ ಮುಂದೆ ಬಂದು ಡಬ್ಬಿ ತೆರೆದು ಸೀಬೆಕಾಯಿ ಎತ್ತಿ ಹಿಡಿದಳು. ಶೋ ಮುಗಿಯಿತು. ಟೆಲ್ ಹೊರಡಲಿಲ್ಲ.

“ಸೊಲ್ಲುಮ್ಮಾ, ಹೇಳಮ್ಮಾ, ದಿಸ್ ಈಸ್...” ಎಂದು ಮಿಸ್ ದಾರಿ ತೋರಿಸಿದರು. ಮಗು ನೆಲ ನೋಡಿತು. ಹಿಂದಿನಿಂದ ಯತಿರಾಜ ಸದ್ದಿಲ್ಲದೆ ತುಟಿ ಆಡಿಸಿ ‘ಗ್ವಾವ, ಗ್ವಾವ’ ಎನ್ನುತ್ತಿದ್ದ. ನೀರಿನಿಂದ ತೆಗೆದ ಮೀನೂ ಅಷ್ಟು ಬಾಯಿ ಬಿಡುವುದಿಲ್ಲ. ಮಿಸ್ ಕಾದರು, ನಾವು ಕಾದೆವು. ಕಾಯಿ ಹಿಡಿದವಳು ಕಾಯಿಸುತ್ತಲೇ ಇದ್ದಳು. ಕೊನೆಗೆ ಮಿಸ್ ನಿಟ್ಟುಸಿರಿಟ್ಟು ಸೀಬೆಕಾಯನ್ನು ಮೇಜಿನ ಮೇಲಿಟ್ಟು, ಅವಳನ್ನು ಮುಂದಿನ ಬೆಂಚಿನಲ್ಲಿ ಕೂರಿಸಿದರು. ಯತಿರಾಜ ನನ್ನ ಕಡೆ ಬಾಗಿದ. “ಹೋಯ್ತು ಸಾರ್, ಒಂದು ವರ್ಷ” ಎಂದು ಪಿಸುಗುಟ್ಟಿದ.

ಮುಂದೆ ಬಂದವನು ಮುನೀಶ್ ಎಂಬ ಗುಂಡು ಹುಡುಗ, ಕೈಯಲ್ಲಿ ಬಾಳೆಹಣ್ಣು. “ದಿಸ್ ಈಸ್ ಬನಾನಾ. ಇಟ್ ಈಸ್ ಎಲ್ಲೋ...”

ಮೇಘಶ್ರೀ ಎದ್ದಳು. ನೇರ ಹೋಗಿ ಅವನ ಕೈಯಿಂದ ಬಾಳೆಹಣ್ಣು ತೆಗೆದುಕೊಂಡು, ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನಿಧಾನವಾಗಿ ತಿರುಗಿಸಿದಳು.

“ಬ್ಲ್ಯಾಕ್ ಸ್ಪಾಟ್” ಎಂದಳು, ಮೂಲೆಯ ಆಯಾಗೂ ಕೇಳುವಂತೆ. “ರಿಜೆಕ್ಟ್.”

ಬಾಳೆಹಣ್ಣು ಕಸದ ಬುಟ್ಟಿ ಸೇರಿತು. ಬುಟ್ಟಿಯ ಬಣ್ಣ ಕೆಂಪಾಗಿದ್ದದ್ದೂ ತಪ್ಪಾಯಿತು. ಮುನೀಶ್ ಹೋ ಎಂದು ಅತ್ತ. ಮಿಸ್ ಮಾತ್ರ ಎರಡೂ ಕೈ ಕೆನ್ನೆಗಿಟ್ಟುಕೊಂಡು “ಪೇಸಿಟ್ಟಾಳೇ! ಮಾತಾಡಿದಳು ಸಾರ್!” ಎಂದು ಕೂಗಿದರು. ಆ ಖುಷಿಯಲ್ಲಿ ತಡೆಯುವುದನ್ನು ಮರೆತರು. ಅಷ್ಟರಲ್ಲಿ ಮೇಘಶ್ರೀ ಮುಂದಿನ ಬೆಂಚು ಮುಗಿಸುತ್ತಿದ್ದಳು. ಕಿತ್ತಳೆ: “ಡೆಂಟ್. ರಿಜೆಕ್ಟ್.” ದ್ರಾಕ್ಷಿ: “ಸೈಜ್ ಡಿಫರೆಂಟ್. ರಿಜೆಕ್ಟ್.” ಒಬ್ಬಳ ಸಪೋಟವನ್ನು ಬರಿ ಮೂಸಿ ಬಿಟ್ಟಳು. ಮಿಸ್ ಮೇಜಿನ ಮೇಲೆ ಅಲಂಕಾರಕ್ಕಿಟ್ಟಿದ್ದ ಪ್ಲಾಸ್ಟಿಕ್ ಸೇಬನ್ನು ಮಾತ್ರ ಎರಡು ಸುತ್ತು ತಿರುಗಿಸಿ, “ಓಕೆ” ಎಂದು ಹಿಂದಕ್ಕಿಟ್ಟಳು.

ಮುನೀಶನ ತಾಯಿ ಎದ್ದು ನಿಂತರು. “ಎನ್ನ ಸಾರ್ ಇದು? ಎಂಗ ಪಳತ್ತೆ, ನಮ್ ಹಣ್ಣನ್ನ, ರಿಜೆಕ್ಟ್ ಪಣ್ಣ ಇವ ಯಾರು? ಕಲೆಕ್ಟರಾ?”

ಯತಿರಾಜ ಕೈಮುಗಿದ. ಮುಖದಲ್ಲಿ ಅವಮಾನವಿತ್ತು, ಅದರಡಿ ಹೆಮ್ಮೆಯೂ ಇಣುಕುತ್ತಿತ್ತು.

ಮಿಸ್ಸಿಗೆ ಆಗ ಏನು ಹೊಳೆಯಿತೋ. ಮೇಜಿನ ಮೇಲಿದ್ದ ಸೀಬೆಕಾಯನ್ನು ಎತ್ತಿ, “ಇದು ಹೇಗಿದೆಯಮ್ಮಾ?” ಎಂದು ಮೇಘಶ್ರೀಯ ಕೈಗೆ ಕೊಟ್ಟರು. ಮಗು ತಿರುಗಿಸಿತು, ಒತ್ತಿತು. ಆಮೇಲೆ ಕಾರ್ಖಾನೆಯ ಯಾವ ಪದ್ಧತಿಯಲ್ಲೂ ಇಲ್ಲದ ಒಂದು ಪರೀಕ್ಷೆ ಮಾಡಿತು. ಕಚ್ಚಿತು. ಮುಖ ಹಿಂಡಿತು.

“ಕಾಯಿ. ಒಗರು. ರಿಜೆಕ್ಟ್!”

ಹಿಂದಿನ ಸಾಲಿನಿಂದ ಯತಿರಾಜ ಎದ್ದೇಬಿಟ್ಟ. ಪುಟಾಣಿ ಕುರ್ಚಿಯೂ ಜೊತೆಗೇ ಎದ್ದಿತು. “ಪಾಪೂ! ಸರ್ಫೇಸ್ ನೋಡಮ್ಮ! ಒಂದು ಗೀರೂ ಇಲ್ಲ!”

“ಕಚ್ಚಕ್ಕಾಗಲ್ಲ ಕಣಪ್ಪ!”

“ಅದು ತೋರ್ಸೋಕೆ ಕಣಮ್ಮ!”

“ನೀನು ಕಚ್ಚು ನೋಡಾಣ!”

“ಇಂಗ್ಲಿಷ್, ಇಂಗ್ಲಿಷ್!” ಎಂದು ಮಿಸ್ ಚಪ್ಪಾಳೆ ತಟ್ಟಿದರು. ಮೇಘಶ್ರೀ ತಿರುಗಿ ಇಡೀ ತರಗತಿಯ ಕಡೆ ನಿಂತಳು. ಸೀಬೆಕಾಯಿ ಎತ್ತಿ ಹಿಡಿದು, ಮೆಟ್ಟಿಲ ಮೇಲಿನ ಅದೇ ಗುಡುಗಿನಲ್ಲಿ ಹೇಳಿದಳು:

“ದಿಸ್ ಈಸ್ ಎ ಗ್ವಾವ. ಇಟ್ ಈಸ್ ಗ್ರೀನ್. ಇಟ್ ಈಸ್ ನಾಟ್ ಸಾಫ್ಟ್. ಇಟ್ ಈಸ್ ನಾಟ್ ಸ್ವೀಟ್. ಡ್ಯಾಡಿ ಸೆಲೆಕ್ಟ್!”

ಮೊದಲು ನಕ್ಕವರು ಮುನೀಶನ ತಾಯಿ. ಆಮೇಲೆ ಯಾರು ನಗುತ್ತಿದ್ದಾರೆ, ಯಾರು ಅಳುತ್ತಿದ್ದಾರೆ ತಿಳಿಯಲಿಲ್ಲ. ಆಯಾ ರಿಜೆಕ್ಟಾದ ಹಣ್ಣನ್ನೆಲ್ಲ ತೊಳೆದು ಹೆಚ್ಚಿ, ದೊಡ್ಡ ಪಾತ್ರೆಯಲ್ಲಿ ಸಕ್ಕರೆ ಹಾಕಿ ಕಲಸಿ ಹಂಚಿದಳು. ಮುನೀಶನಿಗೆ ಎರಡು ಬಟ್ಟಲು ಸಿಕ್ಕಿತು. ಹೊರಡುವಾಗ ಜೆಸಿಂತಾ ಮಿಸ್ ಬಾಗಿಲವರೆಗೆ ಬಂದರು.

“ಯುಕೆಜಿಗೆ ಕಳಿಸ್ತೀನಿ ಸಾರ್, ಭಯ ಬೇಡ. ಆದ್ರೆ ನಮ್ಮ ಸ್ಕೂಲಿಗೆ ಇನ್‌ಸ್ಪೆಕ್ಟರ್ ಬರೋ ದಿನ ದಯವಿಟ್ಟು ಇವಳಿಗೆ ರಜೆ ಹಾಕಿಸಿ.”

ಯತಿರಾಜನ ಮೊಪೆಡ್ ಮುಂದೆ ನಿಂತ ಮೇಘಶ್ರೀ ದಾರಿಯುದ್ದಕ್ಕೂ ಬಾಯಿ ಮುಚ್ಚಲಿಲ್ಲ. ನಾನು ಹಿಂದಿನ ಸೀಟಿನಲ್ಲಿದ್ದೆ. ಮನೆ ಮುಂದೆ ಕಟ್ಟೆಯ ಮೇಲೆ ಅಜ್ಜಿ ಕಾದು ಕೂತಿದ್ದರು. ಮಗು ಅವರನ್ನು ದಾಟಿ ನೀರು ಕುಡಿಯಲು ಒಳಕ್ಕೆ ಓಡಿತು.

“ಮಾತಾಡುದ್ಲೇನಪ್ಪಾ ಕೂಸು?”

“ಮಾತಾಡಿದ್ಲು ಅತ್ತೆ. ಪಾಸು.”

“ಏನಂತ ಏಳುದ್ಲು?”

ಯತಿರಾಜ ಸ್ಟ್ಯಾಂಡು ಹಾಕಿದ. ಸೀಟು ಒರೆಸಿದ. ಕನ್ನಡಿ ಸರಿ ಮಾಡಿದ. “ನಿಮ್ಮ ಗಿಡದ ಕಾಯೇ ಸರಿಯಿಲ್ಲ ಅಂದ್ಲು” ಎಂದ.

ಅಜ್ಜಿ ಬಾಯಿ ತೆರೆಯುವ ಮೊದಲೇ ಒಳಗಿನಿಂದ, ಲೋಟ ಕೆಳಗಿಟ್ಟ ಸದ್ದಿನ ಹಿಂದೆಯೇ, ಬೀದಿಯ ತುದಿಗೂ ಕೇಳುವಂತೆ ಮೇಘಶ್ರೀ ಕೂಗಿದಳು:

“ಸುಳ್ಳು ಕಣಜ್ಜೀ! ಅಪ್ಪನೇ ಕಾಯಿ ಆರ್ಸಿದ್ದು!”