ಸಾವ್ಕಾರಮ್ಮನ ಅಂಗಡಿ

ಬಟ್ಟೆ ಕಾರ್ಖಾನೆ ಹಿಂದೆ, ಹೊಲಿಯೋ ಹೆಂಗಸರು ಮಕ್ಕಳನ್ನ ಬಿಟ್ಟುಹೋಗೋ ಕೋಣೆ ಒಂದಿದೆ. ಅಲ್ಲಿ ಕಸ ಗುಡಿಸೋಳು ನಾನು, ಮಕ್ಕಳನ್ನ ನೋಡ್ಕೊಳ್ಳೋರು ಟೀಚರಮ್ಮ. ಪಾಠದ ಮಾತೇ ಇಲ್ಲ, ಸಂಜೆತನಕ ಬರೀ ಆಟ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಆ ಮರಳು, ಬಾಟಲಿ ಮುಚ್ಚಳ ಎಲ್ಲ ಬಳಿಯೋಳು ನಾನು ತಾನೆ? ಮೊದಮೊದಲು ಮೈಯೆಲ್ಲ ಉರಿಯೋದು.

ಒಂದು ಹುಡುಗಿ ಸೇರ್ಕೊಂಡ್ಲು. ನಾಲ್ಕು ವರ್ಷ ತುಂಬಿದ್ರೂ ತುಟಿ ಪಿಟಕ್ಕೆನ್ನೋಳಲ್ಲ. ಕಿವಿ, ನಾಲಿಗೆ ಎರಡೂ ಸರಿಯಾಗಿವೆ ಅಂತ ಡಾಕ್ಟರು ಹೇಳಿದ್ರಂತೆ. ಕಾಲರ್ ಹೊಲಿಯೋ ಅವಳಮ್ಮ ದಿನಾ ಬಾಗಿಲಲ್ಲೇ ಗೋಳಾಡೋಳು.

“ಬರೀ ಆಟ ಆಡಿಸ್ತೀರಲ್ಲ ಟೀಚರಮ್ಮ, ನಾಲ್ಕು ಮಾತು ಬಾಯಿಪಾಠ ಮಾಡಿಸಬಾರದಾ?”

“ಮಾತಾಡು ಅಂತ ಅವಳಿಗೆ ಯಾರೂ ಹೇಳಕೂಡದು ಕಣಮ್ಮ. ಏನಾದ್ರೂ ಹೇಳಬೇಕು ಅಂತ ಅವಳಿಗೇ ಅನ್ನಿಸ್ಬೇಕು. ಅಲ್ಲಿವರೆಗೂ ಆಡ್ತೀವಿ.”

ಹುಡುಗಿ ಹಳೇ ಸ್ಟೂಲೊಂದನ್ನ ತಲೆಕೆಳಗೆ ಮಾಡಿ ಅಂಗಡಿ ತೆರೆದ್ಲು. ಟೀಚರಮ್ಮ ಚೀಲ ಹಿಡ್ಕೊಂಡು ಗಿರಾಕಿ ಆದ್ರು. “ಸಾವ್ಕಾರಮ್ಮ, ಸಕ್ಕರೆ ಇದೆಯಾ?” ಅಂದ್ರೆ ಮುಚ್ಚಳದ ತುಂಬ ಮರಳು. ಸೋಪು ಕೇಳಿದ್ರೆ ಮರದ ತುಂಡು. ದುಡ್ಡಿನ ಬದಲು ಕೊಟ್ಟ ಗುಂಡಿ ಸಾಲ್ದಿದ್ರೆ ಮತ್ತೆ ಕೈ ಚಾಚೋಳು. “ಅಬ್ಬಬ್ಬಾ, ಎಂಥಾ ಜಿಪುಣಿ!” ಅಂತ ಟೀಚರಮ್ಮ ಕೂಗಿದ್ರೆ ಸದ್ದಿಲ್ಲದೆ ನಗೋಳು. ಆ ನಗು ನೋಡಿ ನನ್ನ ಸಿಟ್ಟೂ ಕರಗ್ತಾ ಬಂತು ಅನ್ನಿ.

ಒಂದಿನ ಟೀಚರಮ್ಮ ಉಪ್ಪು ಕೇಳಿದ್ರು. ಹುಡುಗಿ ಮುಚ್ಚಳಗಳನ್ನೆಲ್ಲ ತಡಕಾಡಿದ್ಲು, ತಲೆ ಎತ್ತಿದ್ಲು, ತುಟಿ ಅಲುಗಾಡ್ತು. ಅಷ್ಟರಲ್ಲಿ ಅವಳಮ್ಮ ಓಡಿಬಂದ್ಲು. ಕಾರ್ಖಾನೇಲಿ ಅವಳ ಸಾಲಿನ ಮಿಷನ್ನುಗಳನ್ನ ನಿಲ್ಲಿಸಿಬಿಟ್ರಂತೆ, ಬೇರೆ ಊರಲ್ಲಿ ಕೆಲಸ, ಗಾಡಿ ಕಾಯ್ತಿದೆ. ಮಗೂನ ಎತ್ಕೊಂಡು ಹೊರಟೇಬಿಟ್ಲು. ಹುಡುಗಿ ಅಂಗಡಿ ಕಡೆ ಕೈ ಚಾಚ್ತಾನೇ ಇದ್ಲು.

ಆವತ್ತಿಂದ ಆ ಸ್ಟೂಲನ್ನ ಮುಟ್ಟೋಹಾಗಿಲ್ಲ.

“ಕಸ ಹೊಡೆಯೋದು ಹೇಗೆ ಟೀಚರಮ್ಮ?”

“ಸುತ್ತ ಹೊಡಿ. ನನ್ನ ವ್ಯಾಪಾರ ಇನ್ನೂ ಮುಗಿದಿಲ್ಲ.”

ಬಾಗಿಲು ಕಿರ್ ಅಂದ್ರೆ ಸಾಕು, ತಿರುಗಿ ನೋಡೋರು. ಊಟಕ್ಕೆ ಕೂತಾಗ ತುತ್ತು ಕೈಯಲ್ಲೇ ಉಳಿಯೋದು. “ಏನು ಹೇಳೋಕೆ ಹೊರಟಿದ್ದಳೋ ಏನೋ. ಒಂದೇ ಒಂದು ಸಲ ಅವಳ ದನಿ ಕೇಳಬೇಕು ಕಣೇ,” ಅನ್ನೋರು.

ಮುಂದಿನ ವರ್ಷ ಅವಳಮ್ಮ ಹಳೇ ಗೆಳತಿಯರನ್ನ ನೋಡೋಕೆ ಬಂದ್ಲು, ಮಗಳನ್ನೂ ಕರ್ಕೊಂಡು. “ಮನೇಲಿ ನನ್ನ ಹತ್ರ ಮಾತ್ರ ಮಾತಾಡ್ತಾಳೆ, ಹೊರಗಿನೋರ ಹತ್ರ ಇಲ್ಲ,” ಅಂದ್ಲು. ಉದ್ದ ಆಗಿದ್ದ ಹುಡುಗಿ ಅಮ್ಮನ ಹಿಂದೆ ಅವಿತ್ಕೊಂಡ್ಲು. ಅವಳಿಗೆ ನಮ್ಮ ಗುರುತು ಸಿಕ್ಕಿದ ಹಾಗೇ ಕಾಣ್ಲಿಲ್ಲ. “ಟೀಚರಮ್ಮನ್ನ ಮಾತಾಡ್ಸೇ” ಅಂತ ಹುಡುಗಿಗೆ ಹೇಳೋಕೆ ಬಾಯಿ ತೆರೆದೆ, ಟೀಚರಮ್ಮ ನನ್ನನ್ನ ನುಂಗೋಹಾಗೆ ನೋಡಿದ್ರು. ಆಮೇಲೆ ಚೀಲ ತಗೊಂಡು ಸ್ಟೂಲಿನ ಮುಂದೆ ಕೂತ್ರು.

“ಸಾವ್ಕಾರಮ್ಮ, ಉಪ್ಪು ಇದೆಯಾ?”

ಹುಡುಗಿ ನಿಧಾನವಾಗಿ ಬಂದ್ಲು. ಒಂದೊಂದೇ ಮುಚ್ಚಳ ಎತ್ತಿ ನೋಡಿದ್ಲು.

“ಉಪ್ಪು ಖಾಲಿ. ನಾಳೆ ಬನ್ನಿ.”

ಬಸ್ಸಿಗೆ ಹೊತ್ತಾಯ್ತು ಅಂತ ಅವಳಮ್ಮ ಕರ್ಕೊಂಡು ಹೋದ್ಲು. ಟೀಚರಮ್ಮ ಖಾಲಿ ಚೀಲಕ್ಕೆ ಮುಖ ಒತ್ಕೊಂಡು ಅತ್ರು. ವ್ಯಾಪಾರ ಮುಗೀತಲ್ಲ, ಇನ್ನಾದ್ರೂ ಸ್ಟೂಲು ಎತ್ತಿಡಬಹುದು ಅಂದ್ಕೊಂಡೆ.

ಮಾರನೇ ಬೆಳಗ್ಗೆ ನಾನು ಬಾಗಿಲು ತಳ್ಳಿದ್ರೆ, ಟೀಚರಮ್ಮ ಆಗಲೇ ಚೀಲ ಹಿಡ್ಕೊಂಡು ಅಂಗಡಿ ಮುಂದೆ ಕೂತಿದ್ರು. ನಾನು ಪೊರಕೆ ಮೂಲೇಲಿಟ್ಟು, ಅವರ ಹಿಂದೆ ಸಾಲಲ್ಲಿ ನಿಂತ್ಕೊಂಡೆ.