ದಡಕ್ಕೆ ಕಟ್ಟಿದ ಯುದ್ಧನೌಕೆ

ಕುರಿಮಂದೆಯ ಹಿಂದೆ ನಡೆದೇ ಬದುಕಿದ ನನ್ನ ಅವ್ವ ಕಾಲು ಮುರಿದುಕೊಂಡು ಚಳ್ಳಕೆರೆಯ ನಮ್ಮ ಮನೆಗೆ ಬಂದಾಗ, ನಾನು ಅಮೆರಿಕದ ಹಳೆಯ ಹಾಯಿ ಯುದ್ಧನೌಕೆಯೊಂದರ ಚರಿತ್ರೆಯನ್ನು ಮಕ್ಕಳಿಗಾಗಿ ಕನ್ನಡಕ್ಕೆ ತರುತ್ತಿದ್ದೆ. ಪ್ಲಾಸ್ಟರ್ ಬಿಚ್ಚಿದ ಮೇಲೂ ಹೆಚ್ಚು ಓಡಾಡಬೇಡಿ ಎಂದಿದ್ದರು ವೈದ್ಯರು. ಅವ್ವ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ಕೋಲೂರಿಕೊಂಡು ತಿರುಗುತ್ತಲೇ ಇದ್ದಳು. ಆ ಸದ್ದಿಗೆ ನನಗೆ ಒಂದು ವಾಕ್ಯವೂ ಕೂಡಿಬರುತ್ತಿರಲಿಲ್ಲ. ಅವಳನ್ನು ಕೂರಿಸಲು ಬೇರೆ ದಾರಿ ಕಾಣದೆ ಪುಸ್ತಕದ ಕಥೆ ಹೇಳತೊಡಗಿದೆ.

ಮೊದಲ ಯಾನದಲ್ಲೇ ಬಿರುಗಾಳಿಗೆ ಹಾಯಿಕಂಬಗಳು ಮುರಿದು ಹಡಗು ಬಂದರಿಗೆ ಮರಳಿತು ಎಂದಾಗ ಅವ್ವ ನಕ್ಕಳು.

"ಸುತ್ತ ಉಪ್ಪುನೀರು ಅಂತೀಯ, ಕುಡಿಯೋಕೆ ಏನು ಮಾಡ್ತಿದ್ರು?"

ಪೀಪಾಯಿಗಳಲ್ಲಿ ತುಂಬಿಕೊಂಡು ಹೋಗುತ್ತಿದ್ದರು ಎಂದೆ.

"ಹಂಗಾದ್ರೆ ಅವರೂ ನಮ್ಮಂಗೇ, ನೀರು ನೋಡ್ಕೊಂಡು ದಾರಿ ಹಿಡೀಬೇಕು."

ವ್ಯಾಪಾರದ ಹಡಗುಗಳ ಕಾವಲು, ಬ್ರಿಟಿಷರೊಡನೆ ಯುದ್ಧ, ಚೀನಾದವರೆಗಿನ ಪಯಣ, ಕಡಲ್ಗಳ್ಳರ ಬೆನ್ನಟ್ಟುವಿಕೆ ಎಲ್ಲವನ್ನೂ ಕೇಳಿದಳು. ಆದರೆ ನಡುನಡುವೆ ಕೆಲಸವಿಲ್ಲದಾಗ ಹಾಯಿ ಬಿಚ್ಚಿ ವರ್ಷಗಟ್ಟಲೆ ದಡಕ್ಕೆ ಕಟ್ಟಿಡುತ್ತಿದ್ದರೆಂಬುದನ್ನು ಅವಳಿಂದ ಸಹಿಸಲಾಗಲಿಲ್ಲ.

"ಮತ್ತೆ ಕಟ್ಟಿದ್ರಾ?"

"ಹೂಂ."

"ಕೊನೇಗೆ?"

"ದುರಸ್ತಿಗೆ ಬರಲ್ಲ ಅಂತ ಒಡೆದು ಹಾಕಿದ್ರು."

"ಒಡೆದ್ರೆ ಒಡೀಲಿ. ಸುಮ್ನೆ ಕಟ್ಟಿ ಕೊಳೆಸಬಾರ್ದಿತ್ತು," ಎಂದು ಎದ್ದೇಬಿಟ್ಟಳು.

ಮರುದಿನ ನಾನು ತರಕಾರಿ ತರಲು ಹೋಗಿ ಬಂದಾಗ ಮನೆ ಖಾಲಿ. ಬಸ್ ನಿಲ್ದಾಣಕ್ಕೆ ಓಡಿದೆ. ಮೊಳಕಾಲ್ಮೂರು ಬಸ್ಸಿನ ಮುಂದಿನ ಸೀಟಿನಲ್ಲಿ ಕೂತಿದ್ದಳು. ನಾನೂ ಹತ್ತಿದೆ. ಅಣ್ಣನ ಮಂದೆ ಆಗ ಆ ಕಡೆ ಮೇಯುತ್ತಿತ್ತು.

"ಇಳಿಯವ್ವ, ಮೂಳೆ ಇನ್ನೂ ಗಟ್ಟಿ ಆಗಿಲ್ಲ."

"ಆಗೈತೆ. ನೀನು ಬರ್ತೀಯಾ, ಇಳೀತೀಯಾ?"

ಅಷ್ಟರಲ್ಲಿ ಬಸ್ಸು ಹೊರಟಿತು. ಸಿಟ್ಟಿನಲ್ಲೇ ಪಕ್ಕದಲ್ಲಿ ಕೂತೆ. ದಾರಿಯುದ್ದಕ್ಕೂ ಅವಳು ಯಾವ ಹೊಲ ಕಟಾವಾಗಿದೆ, ಎಲ್ಲಿ ಮೇವು ಉಳಿದಿದೆ ಎಂದು ಕಿಟಕಿಯಾಚೆ ನೋಡುತ್ತಿದ್ದಳು. ನನ್ನ ಕಡೆ ತಿರುಗಲೇ ಇಲ್ಲ.

ಮೊಳಕಾಲ್ಮೂರಿನಾಚೆ, ಶೇಂಗಾ ಕಿತ್ತ ಹೊಲದಲ್ಲಿ ಮಂದೆ ತಂಗಿತ್ತು. ಹೊಲದ ಒಡತಿ ತೆಲುಗಿನಲ್ಲಿ "ರಾ ಅಕ್ಕಾ, ಕೂಚೋ" ಎಂದು ಕರೆದು ಚಾಪೆ ಹಾಸಿದಳು. ಅವ್ವ ಕೂರಲಿಲ್ಲ. ಕುಂಟುತ್ತ ಮಂದೆಯೊಳಗೆ ನುಗ್ಗಿ ಒಂದು ಕುರಿಯ ಕಾಲೆತ್ತಿ ನೋಡಿದಳು.

"ಗೊರಸು ಕೊಳೀತೈತೆ, ಕಣ್ಣಿಲ್ವೇನೋ ನಿಂಗೆ?"

ಅಣ್ಣ ನಗುತ್ತಲೇ ಬೈಸಿಕೊಂಡ. ನಾನು ಮತ್ತೆ ಮನೆಗೆ ಕರೆಯಲಿಲ್ಲ. ಸಂಜೆಯ ಬಸ್ಸಿಗೆ ಒಬ್ಬಳೇ ಮರಳಿದೆ.

ಅವಳು ಈಗಲೂ ಕುಂಟುತ್ತಾಳೆ, ಮಂದೆ ಬಿಟ್ಟಿಲ್ಲ. ಮನೆ ಸದ್ದಡಗಿದ ಮೇಲೂ ಬಹಳ ದಿನ ನನಗೆ ಕೂತು ಬರೆಯಲಾಗಲಿಲ್ಲ. ಕಡೆಯ ಅಧ್ಯಾಯವನ್ನು ಅಡುಗೆಮನೆಯ ಕಟ್ಟೆಯ ಮೇಲೆ ಹಾಳೆಯಿಟ್ಟು, ನಿಂತುಕೊಂಡೇ ಮುಗಿಸಿದೆ.