ಬೇಟೆಗಾರ ಅಜ್ಜನ ಅಂಕಪಟ್ಟಿ

ಜಪಾನಿನಲ್ಲಿ ನಾವೀಗಿರುವ ಗ್ಯೋಟೋಕುವಿನ ಸೈಕಲ್ ಅಂಗಡಿಯಲ್ಲಿ ಚೈನಿಗೆ ಎಣ್ಣೆ ಬಿಡುತ್ತಿದ್ದರು. ಆ ವಾಸನೆಗೆ ಹಿಂದೆ ನಮ್ಮ ಪಕ್ಕದ ಮನೆಯಲ್ಲಿದ್ದ ಅಜ್ಜ ನೆನಪಾದರು. ಕೋವಿ ಒರೆಸಿದ ಅವರ ಕೈ ಹೀಗೇ ನಾರುತ್ತಿತ್ತು... ಅಥವಾ ಹಾಗೆಂದು ಈಗ ನಾನೇ ಸೇರಿಸಿಕೊಳ್ಳುತ್ತಿದ್ದೇನೆ. ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಆಗ ನಾವು ಕನಾಗಾವಾದ ಗುಡ್ಡದಂಚಿನ ಊರಿನಲ್ಲಿದ್ದೆವು. ನನಗೆ ಕಾರಿನ ಬಿಡಿಭಾಗಗಳ ಕಾರ್ಖಾನೆಯಲ್ಲಿ ಕೆಲಸ. ಅಜ್ಜ ಅಲ್ಲಿನ ಬೇಟೆಗಾರರ ಸಂಘದ ಕಾರ್ಯದರ್ಶಿ. ಹೊಲಕ್ಕೆ ಕಾಡುಹಂದಿ ನುಗ್ಗಿದರೆ ನಗರಸಭೆಯವರು ಕರೆಯುತ್ತಿದ್ದುದು ಇವರನ್ನೇ. ಹೆಂಡತಿ ತೀರಿಹೋದ ಮೇಲೆ ಅವರನ್ನು ಮನೆಯಿಂದ ಹೊರಡಿಸುತ್ತಿದ್ದುದು ಆ ಕರೆಯೊಂದೇ.

ನಗರಸಭೆ ಚುನಾವಣೆ ಬಂದಾಗ ಸಂಘ ಪ್ರತಿ ಅಭ್ಯರ್ಥಿಗೂ ಮೂರು ಪ್ರಶ್ನೆ ಕಳಿಸಿತು. ಮುಖ್ಯವಾದದ್ದು: ಕೋವಿ ಪರವಾನಗಿಯ ನಿಯಮ ಸಡಿಲಿಸಬೇಕೋ ಬೇಡವೋ? ಉತ್ತರ ನೋಡಿ ಅಜ್ಜ ವೃತ್ತ, ತ್ರಿಕೋನ, ಇಂಟು ಹಾಕುತ್ತಿದ್ದರು. ವೃತ್ತವೆಂದರೆ ನಮ್ಮವರು, ಇಂಟು ಎಂದರೆ ಶತ್ರು. ಪಟ್ಟಿ ಟೈಪ್ ಮಾಡುವ ಕೆಲಸ ನನ್ನ ತಲೆಗೆ ಬಿತ್ತು. ವಿದೇಶಿಯೆಂದು ಇಲ್ಲಿ ವೋಟೇ ಇಲ್ಲದ ನನಗೆ!

ನಿವೃತ್ತ ಶಿಕ್ಷಕಿಯೊಬ್ಬರು ಪುಟ ತುಂಬ ಬರೆದಿದ್ದರು: ಬೇಟೆಗಾರರು ಊರಿಗೆ ಬೇಕು, ಅವರಿಗೆ ನೆರವು ಕೊಡಿಸುತ್ತೇನೆ, ತಪಾಸಣೆ ಮಾತ್ರ ಸಡಿಲವಾಗಬಾರದು. ಅಜ್ಜ ಇಂಟು ಹಾಕಿದರು. ಮೂರಕ್ಕೂ ‘ಹೌದು’ ಎಂದು ಮುದ್ರೆ ಒತ್ತಿದ್ದ ಹೋಟೆಲ್ ಮಾಲೀಕನಿಗೆ ವೃತ್ತ.

“ಒಜೀಸಾನ್, ಅಜ್ಜಾ, ಈ ಟೀಚರಿಗೆ ತ್ರಿಕೋನವಾದ್ರೂ ಕೊಡಿ,” ಎಂದೆ ನನ್ನ ಹರಕು ಜಪಾನಿಯಲ್ಲಿ.

“ತ್ರಿಕೋನ ‘ಯೋಚಿಸ್ತೀನಿ’ ಅಂದವ್ರಿಗೆ. ಈಯಮ್ಮ ಯೋಚಿಸಿ ಮುಗಿಸಿಬಿಟ್ಟಿದ್ದಾಳೆ!”

“ಕೋವಿ ಕಾನೂನು ನಗರಸಭೆ ಕೈಯಲ್ಲೇ ಇಲ್ವಲ್ಲ?”

“ಗೊತ್ತು. ನೀನು ಟೈಪ್ ಮಾಡು.”

ಮಾಡಿದೆ. ಇಂಥವರ ಹತ್ತಿರ ಏನು ವಾದ?

ಆ ಚಳಿಗಾಲದಲ್ಲಿ ಅವರ ಪರವಾನಗಿಯ ನವೀಕರಣ ಬಂತು. ಇಲ್ಲಿ ಕೋವಿ ಇಟ್ಟುಕೊಂಡವರ ನಡತೆಯನ್ನು ಪೊಲೀಸರು ಅಕ್ಕಪಕ್ಕದವರಲ್ಲಿ ವಿಚಾರಿಸುವುದುಂಟು. ಫಾರ್ಮ್ ಹಿಡಿದು ಒಬ್ಬ ನಮ್ಮ ಬಾಗಿಲಿಗೆ ಬಂದ. ನಮ್ಮ ಕಡೆ ಹಿರಿಯರನ್ನು ಹೊಗಳುವ ಧಾಟಿಯಲ್ಲೇ ಹೇಳಿದೆ: “ಮಹಾ ಮುಂಗೋಪಿ. ಕೂಗಾಡ್ತಾರೆ. ಆದರೆ ಮನಸ್ಸು ಬೆಣ್ಣೆ.” ಕೂಗಾಟವನ್ನು ಬರೆದುಕೊಂಡು, ಎಷ್ಟು ಸಲ, ಯಾರ ಮೇಲೆ ಎಂದು ಕೇಳಿದ. ಬೆಣ್ಣೆಯ ಮಾತಿಗೆ ಪೆನ್ನು ಅಲ್ಲಾಡಲಿಲ್ಲ.

“ಅಲ್ಲಾ ರೀ, ಪೊಲೀಸ್ ಹತ್ರ ಯಾರಾದ್ರೂ ಹೀಗೆ ಹೊಗಳ್ತಾರಾ?” ಹೆಂಡತಿ ಹಣೆ ಚಚ್ಚಿಕೊಂಡಳು. ಮಾರನೆಯ ದಿನ ಠಾಣೆಗೆ ಹೋಗಿ ವಿವರಿಸಲು ನೋಡಿದೆ. ಹೇಳಿಕೆಯನ್ನು ಕಡತಕ್ಕೆ ಸೇರಿಸಿಯಾಗಿದೆ ಎಂದು ಬಹಳ ಮರ್ಯಾದೆಯಿಂದ ಬಗ್ಗಿ ವಂದಿಸಿ ಕಳಿಸಿದರು.

ಪರವಾನಗಿ ಸಿಗಲಿಲ್ಲ. ಕಾರಣ ನನ್ನ ಮಾತೋ, ಅವರ ಕಣ್ಣೋ, ವಯಸ್ಸೋ... ನನಗೆ ಯಾರೂ ಹೇಳಲಿಲ್ಲ. ಕೋವಿ ಒಪ್ಪಿಸಿ ಬಂದ ಅಜ್ಜ ಆಮೇಲೆ ಹೊರಗೆ ಕಾಣಿಸಿದ್ದೇ ಕಡಿಮೆ. ಆ ಶಿಕ್ಷಕಿ ಬಂದು ಅವರ ಪರ ಅರ್ಜಿ ಬರೆದುಕೊಟ್ಟರು ಎಂದರೆ ಕಥೆ ಚೆನ್ನಾಗಿ ಮುಗಿಯುತ್ತಿತ್ತು. ಚುನಾವಣೆಯಲ್ಲಿ ಸೋತಿದ್ದ ಅವರು ಬರಲಿಲ್ಲ. ವೃತ್ತ ಪಡೆದು ಗೆದ್ದವನೂ ಬರಲಿಲ್ಲ.

ಪೊಲೀಸನಿಗೆ ಹಾಗೆ ಹೇಳಿದವನು ನಾನು ಎಂದು ಅಜ್ಜನಿಗೆ ತಿಳಿಸಬೇಕಿತ್ತು. ಎರಡು ಸಲ ಬಾಗಿಲು ತಟ್ಟಿದೆ. ‘ಸುಮಿಮಾಸೆನ್’, ಕ್ಷಮಿಸಿ, ಎಂದಷ್ಟೇ ಹೇಳಿದೆ, ಕಿತ್ತಳೆ ಕೊಟ್ಟೆ, ಹಿಂದಿರುಗಿದೆ. ನಾವು ಆ ಊರು ಬಿಟ್ಟ ಮೇಲೆ ಅವರು ತೀರಿಕೊಂಡರು.

ಈಗ ಯಾರ ಬಗ್ಗೆ ಯಾರು ಕೇಳಿದರೂ ‘ಒಳ್ಳೆಯವರು’ ಎಂದು ಬಾಯಿ ಮುಚ್ಚುತ್ತೇನೆ. ಮೊನ್ನೆ ಮಗಳು, ಆ ಅಜ್ಜ ಹೇಗಿದ್ದರು ಎಂದಳು. ಅವಳಿಗೂ ‘ಒಳ್ಳೆಯವರು’ ಅಂದೆ.

“ಅಷ್ಟೇನಾ?” ಎಂದು ಜಪಾನಿಯಲ್ಲಿ ಕೇಳಿದಳು.

ಕೂಗಾಡುತ್ತಿದ್ದರು ಎನ್ನಲು ನಾಲಿಗೆ ಏಳಲಿಲ್ಲ. ಆ ಕೂಗಾಟ ತೆಗೆದರೆ ಉಳಿಯುವ ಅಜ್ಜನ ಗುರುತು ನನಗೂ ಹತ್ತುವುದಿಲ್ಲ.